ಲಿಂಕ್ ಸಾಕೋ, ಟಿಕೆಟ್ ಬೇಕೋ?

ಕಳೆದ ಸೋಮವಾರ ನಮ್ಮ ಮ್ಯಾನೇಜರ್ ಒಂದು ಮೇಲ್ ಕಳಿಸಿದರು. (ಸ್ವೀಡನ್ನಿನಲ್ಲಿ ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯುವುದು. ಹದಿಮೂರು ವರ್ಷ ಆದಮೇಲೂ ಕನ್ನಡದಲ್ಲಿ ಬರೆಯುವಾಗ ನನಗೆ "ಕಳಿಸಿದರು" ಅಂತಲೇ ಬರುತ್ತದೆ.) ವಿಷಯ ಇಷ್ಟೇ: ಮುಂದಿನ ವರ್ಷದ ಪ್ರಯಾಣದ ಬಜೆಟ್ ಅರ್ಧಕ್ಕೆ ಇಳಿದಿದೆ. ನಮ್ಮ ತಂಡದ ಪ್ರತಿಯೊಬ್ಬರೂ ಖುದ್ದಾಗಿ ಹೋಗಲೇಬೇಕಾದ ಎರಡು ಕಾರ್ಯಕ್ರಮಗಳನ್ನು ಮಾತ್ರ ಹೆಸರಿಸಬೇಕು. ಉಳಿದದ್ದೆಲ್ಲ ಆನ್‌ಲೈನ್. ಶುಕ್ರವಾರದೊಳಗೆ ಉತ್ತರ ಬೇಕು.

ಐದು ನಿಮಿಷದ ಕೆಲಸ ಅಂದುಕೊಂಡು ಕೂತೆ. ಎರಡು ಸಂಜೆ ಹಿಡಿಯಿತು. ಕಳೆದ ಕೆಲವು ವರ್ಷಗಳಲ್ಲಿ ನಾನು ಹೋದ, ಪರದೆಯ ಮೇಲೆ ನೋಡಿದ, ನೋಡಿದಂತೆ ಮಾಡಿ ಇನ್ನೊಂದು ವಿಂಡೋದಲ್ಲಿ ಎಕ್ಸೆಲ್ ತೆರೆದುಕೊಂಡಿದ್ದ ಸಮ್ಮೇಳನಗಳ ಪಟ್ಟಿ ಮಾಡಿ, ಪ್ರತಿಯೊಂದರಿಂದ ನಿಜಕ್ಕೂ ಏನು ಸಿಕ್ಕಿತು ಎಂದು ಬರೆದು ನೋಡಿದೆ. ಈ ಬ್ಲಾಗ್ ಓದುವ ನಿಮ್ಮಲ್ಲಿ ಅನೇಕರು ಯುರೋಪಿನಲ್ಲೋ ಅಮೆರಿಕದಲ್ಲೋ ಇದೇ ಪ್ರಶ್ನೆ ಎದುರಿಸುತ್ತಿರುತ್ತೀರಿ. ಅದಕ್ಕೇ ಆ ಲೆಕ್ಕ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪಿನ ಕತೆಯೂ ಇದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ವೃತ್ತಿಯವರಿಗೆ ಕೊರೊನಾದ ಮೊದಲ ಸುಳಿವು ಸಿಕ್ಕಿದ್ದು ಆಸ್ಪತ್ರೆಗಳಿಂದಲ್ಲ, ಬಾರ್ಸಿಲೋನಾದಿಂದ. 2020ರ ಫೆಬ್ರವರಿ 7ರಂದು ಎರಿಕ್ಸನ್ ತಾನು ಮೊಬೈಲ್ ವರ್ಲ್ಡ್ ಕಾಂಗ್ರೆಸ್‌ಗೆ ಬರುವುದಿಲ್ಲ ಎಂದಿತು. ಸ್ಟಾಕ್‌ಹೋಮ್‌ನ ಶಿಸ್ತಾದಲ್ಲಿ ಮುಖ್ಯ ಕಚೇರಿ ಇರುವ, ನಮ್ಮ ಕನ್ನಡಿಗರೂ ಸಾಕಷ್ಟು ಮಂದಿ ಕೆಲಸ ಮಾಡುವ ಕಂಪನಿ ಅದು. ಲಕ್ಷಕ್ಕೂ ಹೆಚ್ಚು ಜನ ಸೇರುವ ಮೇಳ. ಎರಿಕ್ಸನ್‌ನಂಥ ಕಂಪನಿಯೇ ಹಿಂದೆ ಸರಿದ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಸರಿದರು. ಐದೇ ದಿನದಲ್ಲಿ, ಫೆಬ್ರವರಿ 12ಕ್ಕೆ, ಇಡೀ ಮೇಳ ರದ್ದಾಯಿತು. ಆಗ ನಮ್ಮ ಆಫೀಸಿನಲ್ಲಿ "ಇದು ಸ್ವಲ್ಪ ಅತಿಯಾಯಿತು" ಎಂದವರಲ್ಲಿ ನಾನೂ ಒಬ್ಬ.

ಸ್ವೀಡನ್ ಲಾಕ್‌ಡೌನ್ ಮಾಡಲಿಲ್ಲ ಎಂದು ಊರಿನವರು ಈಗಲೂ ಕೇಳುತ್ತಾರೆ. ಪೂರ್ತಿ ಮಾಡಲಿಲ್ಲ, ನಿಜ. ಆದರೆ ಸಭೆಗಳ ಮಟ್ಟಿಗೆ ಬಾಗಿಲು ಬೇಗನೇ ಮುಚ್ಚಿತ್ತು. 2020ರ ಮಾರ್ಚ್ 12ಕ್ಕೆ 500 ಜನರ ಮಿತಿ, ಅದೇ ತಿಂಗಳ 29ಕ್ಕೆ 50, ನವೆಂಬರ್ 24ಕ್ಕೆ ಬರೀ 8. ಎಂಟು ಜನರಲ್ಲಿ ಯಾವ ಸಮ್ಮೇಳನ ನಡೆಯುತ್ತದೆ? ನಮ್ಮಲ್ಲಿ ಸೀಮಂತಕ್ಕೂ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ. ಆಲ್ವ್‌ಶೋದಲ್ಲಿರುವ ಸ್ಟಾಕ್‌ಹೋಮ್‌ನ ದೊಡ್ಡ ಮೇಳದ ಸಭಾಂಗಣ, ನಾವೆಲ್ಲ ಕೊರಳಿಗೆ ಬ್ಯಾಡ್ಜ್ ನೇತುಹಾಕಿಕೊಂಡು ಓಡಾಡಿದ ಜಾಗ, ಆ ವಸಂತದಲ್ಲಿ ತಾತ್ಕಾಲಿಕ ಆಸ್ಪತ್ರೆಯಾಯಿತು. ಪುಣ್ಯಕ್ಕೆ ಒಬ್ಬ ರೋಗಿಯನ್ನೂ ಅಲ್ಲಿ ಸೇರಿಸಬೇಕಾಗಿ ಬರಲಿಲ್ಲ. ಜೂನ್‌ನಲ್ಲಿ ಮುಚ್ಚಿದರು. ಆ ವರ್ಷದ ಡಿಸೆಂಬರ್‌ನಲ್ಲಿ ನೊಬೆಲ್ ಔತಣಕೂಟವೂ ಇರಲಿಲ್ಲ. ವಿಜೇತರಿಗೆ ಪದಕಗಳು ಅವರವರ ದೇಶದಲ್ಲೇ ತಲುಪಿದವು.

ಇದಕ್ಕೆ ಹೊಂದಿಕೊಳ್ಳುವಂತೆ ಕಂಪನಿಗಳ ಕಾನೂನೂ ಬದಲಾಯಿತು. ಷೇರು ಹೂಡಿಕೆದಾರರು ಗಮನಿಸಬೇಕಾದದ್ದು ಇಲ್ಲಿ.

ಸ್ವೀಡಿಷ್ ಕಂಪನಿಯ ವಾರ್ಷಿಕ ಸಭೆ ನೋಡದವರಿಗೆ ಒಂದು ಮಾತು. ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ ಸಭೆ ನಡೆಸಬೇಕು ಎಂಬ ನಿಯಮ. ಹಾಗಾಗಿ ಹೆಚ್ಚಿನವು ಏಪ್ರಿಲ್, ಮೇ ತಿಂಗಳಲ್ಲಿ ಬರುತ್ತವೆ. ನಿವೃತ್ತರು ಬೆನ್ನಿಗೆ ಚೀಲ ಹಾಕಿಕೊಂಡು, ಗಂಡ ಹೆಂಡತಿ ಜೊತೆಯಾಗಿ ಬರುತ್ತಾರೆ. ಕಾಫಿ, ಸ್ಯಾಂಡ್‌ವಿಚ್, ದಾಲ್ಚಿನ್ನಿ ಬನ್ ಇರುತ್ತದೆ. ಆಮೇಲೆ ಒಬ್ಬ ಅಜ್ಜಿ ಎದ್ದು ನಿಂತು ಮೈಕ್ ಹಿಡಿದು ಅಧ್ಯಕ್ಷರನ್ನು ಕೇಳುತ್ತಾರೆ: "ಹೋದ ವರ್ಷವೂ ಇದೇ ಮಾತು ಹೇಳಿದಿರಿ, ಆ ಕಾರ್ಖಾನೆ ಯಾವಾಗ ಲಾಭಕ್ಕೆ ಬರುತ್ತದೆ?" ಇಡೀ ಸಭೆ ಅಧ್ಯಕ್ಷರ ಮುಖ ನೋಡುತ್ತದೆ. 1966ರಲ್ಲಿ ಹುಟ್ಟಿದ ಸಣ್ಣ ಷೇರುದಾರರ ಸಂಘ ಆಕ್ಟಿಯೆಸ್ಪಾರರ್ನಾ ಕೂಡ ಸಭೆಗಳಿಗೆ ತನ್ನ ಪ್ರತಿನಿಧಿಗಳನ್ನು ಕಳಿಸಿ ಪ್ರಶ್ನೆ ಕೇಳಿಸುತ್ತದೆ. ಎಂಬಿಎ ಓದುವಾಗ ಕಾರ್ಪೊರೇಟ್ ಗವರ್ನೆನ್ಸ್ ಬಗ್ಗೆ ಒಂದು ಸೆಮಿಸ್ಟರ್ ಓದಿದ್ದೆ. ಅದರಲ್ಲಿ ತಿಳಿಯದ್ದು ಆ ಅಜ್ಜಿಯ ಎರಡು ನಿಮಿಷದಲ್ಲಿ ತಿಳಿಯಿತು.

2020ರ ಏಪ್ರಿಲ್‌ನಲ್ಲಿ ಬಂದ ತಾತ್ಕಾಲಿಕ ಕಾನೂನು ಅಂಚೆ ಮತಕ್ಕೆ ಅವಕಾಶ ಕೊಟ್ಟಿತು. ಮುಂದೆ ಅನೇಕ ಕಂಪನಿಗಳು ಷೇರುದಾರರನ್ನು ಕರೆಯದೇ ಬರೀ ಅಂಚೆ ಮತದ ಮೇಲೆ ಸಭೆ ಮುಗಿಸಿದವು. ಪ್ರಶ್ನೆ ಇದ್ದರೆ ಹತ್ತು ದಿನ ಮೊದಲೇ ಬರೆದು ಕಳಿಸಬೇಕು, ಕಂಪನಿ ಐದು ದಿನ ಮೊದಲು ವೆಬ್‌ಸೈಟಿನಲ್ಲಿ ಉತ್ತರ ಹಾಕುತ್ತದೆ. ಉತ್ತರ ಓದಿದ ಮೇಲೆ "ಅದಲ್ಲ ನಾನು ಕೇಳಿದ್ದು" ಎನ್ನುವ ಅವಕಾಶ ಇಲ್ಲ. ವಕೀಲರು ತಿದ್ದಿದ ಎರಡು ವಾಕ್ಯ ನಿಮ್ಮ ಕೈಗೆ ಬಂತು, ಮುಗಿಯಿತು.

2024ರ ಜನವರಿ 1ರಿಂದ ಇನ್ನೊಂದು ಬದಲಾವಣೆ ಆಗಿದೆ. ಕಂಪನಿಯ ನಿಯಮಾವಳಿಯಲ್ಲಿ ಹಾಗೆ ಬರೆದುಕೊಂಡಿದ್ದರೆ ವಾರ್ಷಿಕ ಸಭೆಯನ್ನು ಪೂರ್ತಿ ಡಿಜಿಟಲ್ ಆಗಿ ನಡೆಸಬಹುದು. ನಿಮ್ಮ ಕಂಪನಿ ನಿಯಮಾವಳಿ ತಿದ್ದುಪಡಿಗೆ ಮತ ಕೇಳಿದಾಗ ಆ ಒಂದು ಸಾಲನ್ನು ಓದಿ. ನಾನು ಸಾಮಾನ್ಯವಾಗಿ, ಸಭಾಂಗಣವೂ ಇರಲಿ ಲಿಂಕೂ ಇರಲಿ ಎನ್ನುವ ಕಡೆಗೆ ಮತ ಹಾಕುತ್ತೇನೆ. ಇನ್ನೊಂದು ವಿಷಯ, ಇದನ್ನು ಹೊಸದಾಗಿ ಬಂದವರು ಮರೆಯುತ್ತಾರೆ: ನಿಮ್ಮ ಷೇರುಗಳು ಅವಾನ್ಜಾ, ನೂರ್ಡ್‌ನೆಟ್ ಮುಂತಾದವರ ಮೂಲಕ ಐಎಸ್‌ಕೆ ಖಾತೆಯಲ್ಲಿದ್ದರೆ ಅವು ಅವರ ಹೆಸರಿನಲ್ಲಿ ನೋಂದಣಿಯಾಗಿರುತ್ತವೆ. ಮತ ಹಾಕಬೇಕಾದರೆ ಮೊದಲೇ ಅವರಿಗೆ ತಿಳಿಸಿ, ಷೇರುಗಳನ್ನು ತಾತ್ಕಾಲಿಕವಾಗಿ ನಿಮ್ಮ ಹೆಸರಿಗೆ ನೋಂದಾಯಿಸಿಕೊಳ್ಳಬೇಕು. ಸಭೆಗೆ ಆರು ಬ್ಯಾಂಕ್ ದಿನಗಳ ಹಿಂದಿನ ಷೇರುದಾರರ ಪಟ್ಟಿಯೇ ಲೆಕ್ಕಕ್ಕೆ ಬರುವುದು.

ಈಗ ನನ್ನ ತಪ್ಪಿನ ಕತೆ.

2021ರ ವಸಂತ. ವೈದ್ಯಕೀಯ ಉಪಕರಣ ತಯಾರಿಸುವ ಒಂದು ಮಧ್ಯಮ ಗಾತ್ರದ ನಾರ್ಡಿಕ್ ಕಂಪನಿ. ಹೆಸರು ಬೇಡ. ಅವರ ಹೂಡಿಕೆದಾರರ ದಿನ ಪೂರ್ತಿ ಡಿಜಿಟಲ್. ಒಳ್ಳೆಯ ಸ್ಟುಡಿಯೋ, ಹಿಂದೆ ಹಸಿರು ಗಿಡ, ಮುಂದೆ ಟೆಲಿಪ್ರಾಂಪ್ಟರ್. ನಾನು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡುತ್ತಿದ್ದೆ. ಮಾರಾಟ ಚೆನ್ನಾಗಿ ಏರುತ್ತಿತ್ತು. ಆದರೆ ಗ್ರಾಹಕರಿಂದ ಬರಬೇಕಾದ ಬಾಕಿ ಅದಕ್ಕಿಂತ ವೇಗವಾಗಿ ಏರುತ್ತಿತ್ತು. ಮಾಲು ಹೋಗಿದೆ, ದುಡ್ಡು ಬಂದಿಲ್ಲ. ಶೆಟ್ಟರ ಅಂಗಡಿಯಲ್ಲಿ ಉದ್ರಿ ಪುಸ್ತಕ ದಪ್ಪವಾದರೆ ಏನರ್ಥವೋ ಇಲ್ಲಿಯೂ ಅದೇ ಅರ್ಥ. ಪ್ರಶ್ನೋತ್ತರದ ಪೆಟ್ಟಿಗೆಯಲ್ಲಿ ನಾನು ಟೈಪ್ ಮಾಡಿದೆ: ಬಾಕಿ ವಸೂಲಿಯ ದಿನಗಳು ಯಾಕೆ ಹೆಚ್ಚುತ್ತಿವೆ, ಅದರಲ್ಲಿ ಒಬ್ಬನೇ ದೊಡ್ಡ ವಿತರಕನ ಪಾಲು ಎಷ್ಟು?

ನಿರೂಪಕಿ ಮೂರು ಪ್ರಶ್ನೆ ಓದಿದರು. ಕೊರೊನಾ ನಂತರದ ಬೇಡಿಕೆ, ಹೊಸ ಉತ್ಪನ್ನ, ಸುಸ್ಥಿರತೆ. ಆಮೇಲೆ "ತುಂಬಾ ಒಳ್ಳೆಯ ಪ್ರಶ್ನೆಗಳು ಬಂದಿವೆ, ಸಮಯ ಮುಗಿಯಿತು, ಉಳಿದವರಿಗೆ ಮೇಲ್ ಮಾಡುತ್ತೇವೆ" ಎಂದರು. ಪರದೆ ನೀಲಿಯಾಯಿತು. ಎರಡು ದಿನ ಬಿಟ್ಟು ಮೇಲ್ ಬಂತು. ಮಾರಾಟದ ಋತುಮಾನದ ಏರಿಳಿತ ಎಂದಿತ್ತು. ನನಗೆ ಪೂರ್ತಿ ಸಮಾಧಾನ ಆಗಲಿಲ್ಲ. ಆದರೆ ನನ್ನ ಒಬ್ಬನಿಗೇ ಈ ಅನುಮಾನ ಎಂದುಕೊಂಡೆ. ಉಳಿದ ವಿಶ್ಲೇಷಕರ ವರದಿಗಳೆಲ್ಲ ಹೊಳೆಯುತ್ತಿದ್ದವು. ನಾನೂ ಕೊಳ್ಳಬಹುದು ಎಂದು ಬರೆದೆ.

ಎರಡು ತ್ರೈಮಾಸಿಕ ಕಳೆದವು. ಆ ವಿತರಕನಿಂದ ಬರಬೇಕಿದ್ದ ಬಾಕಿಯ ದೊಡ್ಡ ಭಾಗವನ್ನು ಕಂಪನಿ ನಷ್ಟ ಎಂದು ಬರೆದುಹಾಕಿತು. ಒಂದೇ ದಿನದಲ್ಲಿ ಷೇರಿನ ಬೆಲೆ ಮೂರನೇ ಒಂದು ಭಾಗದಷ್ಟು ಕುಸಿಯಿತು. ನನ್ನ ಮಾತು ನಂಬಿ ದುಡ್ಡು ಹಾಕಿದ್ದವರಿಗೆ ಫೋನ್ ಮಾಡಿ ವಿವರಿಸಬೇಕಾಗಿ ಬಂದ ಆ ವಾರ ನನಗೆ ಚೆನ್ನಾಗಿ ನೆನಪಿದೆ. ಅಂಕಿಗಳು ನನ್ನ ಕಣ್ಣ ಮುಂದೆಯೇ ಇದ್ದವು, ತಪ್ಪು ನನ್ನದೇ. ಅದರಲ್ಲಿ ಎರಡು ಮಾತಿಲ್ಲ.

ಆದರೆ 2022ರ ಶರತ್ಕಾಲದಲ್ಲಿ, ನಿರ್ಬಂಧಗಳೆಲ್ಲ ಹೋದ ಮೇಲೆ, ಸ್ಟಾಕ್‌ಹೋಮ್‌ನಲ್ಲಿ ಖುದ್ದು ನಡೆದ ಒಂದು ಸಮಾವೇಶದಲ್ಲಿ ಕೋಟು ಬಿಡುವ ಕ್ಯೂನಲ್ಲಿ ನಿಂತಿದ್ದೆ. ಮುಂದೆ ನಿಂತಿದ್ದ ಹಿರಿಯ ವಿಶ್ಲೇಷಕರೊಬ್ಬರು, ಬೇರೆ ಬ್ಯಾಂಕಿನವರು, ಆ ಕಂಪನಿಯ ಮಾತು ತೆಗೆದರು. "ನಾನು ಆವತ್ತು ಬಾಕಿಯ ಬಗ್ಗೆ ಕೇಳಿದ್ದೆ, ಓದಲೇ ಇಲ್ಲ" ಎಂದರು. ನಾನೂ ಕೇಳಿದ್ದೆ ಎಂದೆ. ಅವರಿಗೆ ಗೊತ್ತಿದ್ದ ಇನ್ನಿಬ್ಬರೂ ಅದನ್ನೇ ಕೇಳಿದ್ದರಂತೆ. ಒಟ್ಟು ನಾಲ್ಕು ಜನ. ಒಬ್ಬೊಬ್ಬರೂ ತಾವೊಬ್ಬರೇ ಕೇಳಿದ್ದು ಎಂದುಕೊಂಡು, ಮೇಲ್‌ನ ಉತ್ತರ ಓದಿ ಸುಮ್ಮನಾಗಿದ್ದೆವು.

ಸಭಾಂಗಣದಲ್ಲಿ ನಾಲ್ಕು ಕೈ ಎದ್ದಿದ್ದರೆ ಏನಾಗುತ್ತಿತ್ತು ಯೋಚಿಸಿ. ಮೊದಲನೆಯವರು ಕೇಳಿದ ಕೂಡಲೇ ಉಳಿದ ಮೂವರು ನೆಟ್ಟಗೆ ಕೂರುತ್ತಿದ್ದರು. ಉತ್ತರ ಜಾರಿಕೊಂಡರೆ ಎರಡನೆಯವರು ಹಿಡಿದುಕೊಳ್ಳುತ್ತಿದ್ದರು. ಹಣಕಾಸು ಮುಖ್ಯಸ್ಥರು ಪಕ್ಕದವರ ಮುಖ ನೋಡುತ್ತಿದ್ದರೋ ಏನೋ. ಸಭಾಂಗಣದಲ್ಲಿ ಉತ್ತರ ಸಿಗದ ಪ್ರಶ್ನೆಯನ್ನು ಎಲ್ಲರೂ ನೋಡಿರುತ್ತಾರೆ. ಪೆಟ್ಟಿಗೆಯಲ್ಲಿ ಅದನ್ನು ನೋಡುವುದು ಕೇಳಿದವನು ಮತ್ತು ಮರೆಮಾಡುವವನು, ಇಬ್ಬರೇ. ವರ್ಚುವಲ್ ಸಮ್ಮೇಳನದ ಬಗ್ಗೆ ಜನ ಆಯಾಸ, ಬೇಸರ, ನೆಟ್ ಕೈಕೊಡುವುದು ಅಂತೆಲ್ಲ ದೂರುತ್ತಾರೆ. ನನಗೆ ದುಡ್ಡು ಕಳೆಸಿದ್ದು ಅವು ಯಾವುದೂ ಅಲ್ಲ, ಈ ಮುಚ್ಚಿದ ಪೆಟ್ಟಿಗೆ.

ಒಂದು ಎಚ್ಚರಿಕೆ. ಕ್ಯೂನಲ್ಲಿ, ಕಾಫಿ ಮೇಜಿನಲ್ಲಿ ಕಂಪನಿಯವರು ಗುಟ್ಟು ಹೇಳುತ್ತಾರೆ ಎಂದು ನಾನು ಹೇಳುತ್ತಿಲ್ಲ. 2016ರ ಜುಲೈನಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ಮಾರುಕಟ್ಟೆ ದುರುಪಯೋಗ ನಿಯಮದ ಪ್ರಕಾರ ಬೆಲೆಯ ಮೇಲೆ ಪರಿಣಾಮ ಬೀರುವ ಒಳ ಮಾಹಿತಿಯನ್ನು ಹಾಗೆ ಒಬ್ಬರಿಗೆ ಹೇಳುವಂತೆಯೇ ಇಲ್ಲ. ಕೇಳಿಸಿಕೊಂಡು ವ್ಯವಹಾರ ಮಾಡಿದವರಿಗೂ ಶಿಕ್ಷೆ ಇದೆ. ಅಲ್ಲಿ ಸಿಗುವುದು ಬೇರೆ: ನಿಮ್ಮ ಅನುಮಾನ ಇನ್ನೂ ಯಾರಿಗೆ ಇದೆ ಎಂಬ ತಿಳಿವಳಿಕೆ.

ವಾರೆನ್ ಬಫೆಟ್‌ರ 2020ರ ಸಭೆ ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಮೇ 2ರಂದು ಒಮಾಹಾದ ಆ ದೊಡ್ಡ ಅರೀನಾದಲ್ಲಿ, ಸಾವಿರಾರು ಖಾಲಿ ಕುರ್ಚಿಗಳ ಮುಂದೆ, ಪಕ್ಕದಲ್ಲಿ ದೂರವಾಗಿ ಗ್ರೆಗ್ ಏಬಲ್ ಒಬ್ಬರೇ. ಚಾರ್ಲಿ ಮಂಗರ್ ಬಂದಿರಲಿಲ್ಲ. ಜಗತ್ತಿನ ಎಲ್ಲರಿಗೂ ಉಚಿತ ಪ್ರಸಾರ, ಇತರ ವರ್ಷಗಳಂತೆಯೇ ಒಳ್ಳೆಯ ಮಾತು. ನಾನು ಸೋಫಾದಲ್ಲಿ ಒರಗಿ ನೋಡಿದೆ. ಅಂಥದ್ದಕ್ಕೆ ಪರದೆ ಧಾರಾಳವಾಗಿ ಸಾಕು. ಕೇಳಿಸಿಕೊಳ್ಳುವ ಕೆಲಸಕ್ಕೆ ವಿಮಾನ ಹತ್ತಬೇಕಿಲ್ಲ.

ಸಂಶೋಧನೆಯೂ ಇದನ್ನೇ ಸುಮಾರಾಗಿ ಹೇಳುತ್ತದೆ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ ಪ್ರಕಟಿಸಿದ ಅಧ್ಯಯನದಲ್ಲಿ 602 ಜನರನ್ನು ಜೋಡಿ ಜೋಡಿಯಾಗಿ ಕೂರಿಸಿ ಹೊಸ ಐಡಿಯಾ ಯೋಚಿಸಲು ಹೇಳಿದರು. ಅರ್ಧದಷ್ಟು ಜೋಡಿಗಳು ಎದುರುಬದುರು, ಉಳಿದವು ವಿಡಿಯೋದಲ್ಲಿ. ವಿಡಿಯೋದವರಿಗೆ ಹೊಳೆದ ಐಡಿಯಾಗಳು ಕಡಿಮೆ, ಕಣ್ಣು ಪರದೆಗೇ ಅಂಟಿಕೊಂಡಿರುವುದರಿಂದ ಯೋಚನೆಯೂ ಅಲೆದಾಡುವುದಿಲ್ಲವಂತೆ. ಆದರೆ ಇರುವ ಐಡಿಯಾಗಳಲ್ಲಿ ಒಳ್ಳೆಯದನ್ನು ಆರಿಸುವ ಕೆಲಸದಲ್ಲಿ ಅವರು ಹಿಂದೆ ಬೀಳಲಿಲ್ಲ. ಆಯಾಸದ ಬಗ್ಗೆ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಜೆರಾಲ್ಡಿನ್ ಫೋವಿಲ್, ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ ಮುಂತಾದವರು 2021ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದರು. ವಿಡಿಯೋ ಸಭೆಗಳ ನಂತರ ತೀರಾ ಬಳಲುತ್ತೇವೆ ಎಂದ ಮಹಿಳೆಯರು ಏಳರಲ್ಲಿ ಒಬ್ಬರು, ಪುರುಷರು ಇಪ್ಪತ್ತರಲ್ಲಿ ಒಬ್ಬರು. ದಿನವಿಡೀ ಕನ್ನಡಿಯಂತೆ ತಮ್ಮ ಮುಖವನ್ನೇ ನೋಡುತ್ತಿರುವುದು ಅದಕ್ಕೆ ದೊಡ್ಡ ಕಾರಣ. ಅಂದಿನಿಂದ ನಾನು ನನ್ನ ಚಿತ್ರ ಮರೆಮಾಡುವ ಬಟನ್ ಒತ್ತುತ್ತೇನೆ. ನಿಜಕ್ಕೂ ವ್ಯತ್ಯಾಸ ಆಗುತ್ತದೆ.

ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ ನಕ್ಕಳು. ಅವಳದು ಐಟಿ. "ಬಳಲಿಕೆ ಸರಿ. ಆದರೆ ಸಮ್ಮೇಳನಕ್ಕೆ ಹೋಗೋಕೇ ಆಗದಿದ್ದವರನ್ನ ಯಾರು ಎಣಿಸಿದ್ರು?" ಎಂದು ಕೇಳಿದಳು. ಮಾತು ನೇರವಾಗಿ ನನಗೇ ತಗುಲಿತು. ಮಕ್ಕಳು ಚಿಕ್ಕವರಿದ್ದ ಏಳು ವರ್ಷ ಅವಳು ಊರು ಬಿಟ್ಟು ಒಂದೇ ಒಂದು ಸಮ್ಮೇಳನಕ್ಕೆ ಹೋಗಿರಲಿಲ್ಲ. ನಾನು ಲಂಡನ್ನು, ಫ್ರಾಂಕ್‌ಫರ್ಟು ಅಂತ ಹೋಗುತ್ತಿದ್ದೆ. ಡೇಕೇರ್‌ನಿಂದ ಫೋನ್ ಬಂದರೆ ಓಡುವುದು ಅವಳೇ. 2020-21ರ ಒಂದೇ ವರ್ಷದಲ್ಲಿ ಅವಳು ಆರು ಸಮ್ಮೇಳನ ನೋಡಿದಳು, ಎರಡರಲ್ಲಿ ಮಾತಾಡಿದಳು. ಈಗ ಅವಳಿರುವ ಕೆಲಸಕ್ಕೆ ಕರೆ ಬಂದದ್ದು ಅದರಲ್ಲಿ ಒಂದು ಭಾಷಣದ ರೆಕಾರ್ಡಿಂಗ್ ನೋಡಿದವರಿಂದ. ಖುದ್ದಾಗಿ ಹೋಗುವುದೇ ಶ್ರೇಷ್ಠ ಎಂದು ಬರೆಯುವವರಲ್ಲಿ ಹೆಚ್ಚಿನವರು ನನ್ನಂತೆ ಯಾವಾಗ ಬೇಕಾದರೂ ಸೂಟ್‌ಕೇಸ್ ಎತ್ತಿಕೊಂಡು ಹೊರಡಬಲ್ಲವರು.

ಇನ್ನೊಂದು ವಿಷಯ ನಮ್ಮಂಥವರಿಗೆ ಮಾತ್ರ ಗೊತ್ತು. ಸ್ವೀಡನ್ನಿನಲ್ಲಿ ಸಮ್ಮೇಳನ ಮುಗಿದ ಮೇಲೆ ಮಿಂಗೆಲ್ ಎಂಬ ಒಂದು ಗಂಟೆ ಇರುತ್ತದೆ. ಕೈಯಲ್ಲಿ ಲೋಟ ಹಿಡಿದು ಓಡಾಡುತ್ತಾ ಪರಿಚಯ ಮಾಡಿಕೊಳ್ಳುವ ಸಮಯ. ಭಾಷಣಗಳೆಲ್ಲ ಇಂಗ್ಲಿಷಿನಲ್ಲಿ ನಡೆದಿರುತ್ತವೆ. ಲೋಟ ಕೈಗೆ ಬಂದ ಕೂಡಲೇ ಗುಂಪುಗಳು ಸ್ವೀಡಿಷ್‌ಗೆ ಹೊರಳುತ್ತವೆ. ಯಾರದೂ ತಪ್ಪಲ್ಲ, ನಾವು ನಾಲ್ಕು ಜನ ಕನ್ನಡದವರು ಸೇರಿದರೂ ಹಾಗೆಯೇ ಅಲ್ಲವೇ. ನಾನು ಮೊದಲ ಮೂರು ವರ್ಷ ಆ ಒಂದು ಗಂಟೆಯನ್ನು ಚೀಸ್ ತಟ್ಟೆಯ ಪಕ್ಕದಲ್ಲಿ ಫೋನ್ ನೋಡುತ್ತಾ ಕಳೆದೆ. ಚಾಟ್‌ನಲ್ಲಿ ಬರೆದ ಪ್ರಶ್ನೆಗೆ ಉಚ್ಚಾರಣೆ ಇರುವುದಿಲ್ಲ, ಬಣ್ಣ ಇರುವುದಿಲ್ಲ. ಪಕ್ಕದ ತಂಡದ ಹುಡುಗಿ, ಹುಬ್ಬಳ್ಳಿಯವಳು, ಸಭಾಂಗಣದಲ್ಲಿ ಯಾವತ್ತೂ ಕೈ ಎತ್ತಿದವಳಲ್ಲ. ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣುವ ಪ್ರಶ್ನೆ ಪಟ್ಟಿ ಇದ್ದಾಗ ಅವಳ ಪ್ರಶ್ನೆಗೇ ಹೆಚ್ಚು ಲೈಕ್ ಬಿದ್ದು ಮೇಲಕ್ಕೆ ಬರುತ್ತಿತ್ತು. ಗಮನಿಸಿ, ಎಲ್ಲರಿಗೂ ಕಾಣುವ ಪಟ್ಟಿ. ಪೆಟ್ಟಿಗೆಗೂ ಪಟ್ಟಿಗೂ ಇಷ್ಟು ವ್ಯತ್ಯಾಸ.

ಅಪ್ಪನ ಕತೆ ಹೇಳದೆ ಈ ಲೆಕ್ಕ ಮುಗಿಯುವುದಿಲ್ಲ. ಮೈಸೂರಿನಲ್ಲಿರುವ ಅಪ್ಪ ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ಕಂಪನಿಯ ಷೇರು ಕೊಂಡವರು, ಇನ್ನೂ ಮಾರಿಲ್ಲ. ಪ್ರತಿ ವರ್ಷ ವಾರ್ಷಿಕ ಸಭೆಗೆ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದು ಹೋಗುತ್ತಿದ್ದರು. 2015ರಿಂದ ಸಭೆಯಲ್ಲಿ ಉಡುಗೊರೆ, ಕೂಪನ್ ಹಂಚುವಂತಿಲ್ಲ ಎಂಬ ನಿಯಮ ಬಂದಾಗ ಅವರಿಗೆ ಬೇಸರವೇನೂ ಆಗಲಿಲ್ಲ, ಅವರು ಹೋಗುತ್ತಿದ್ದದ್ದು ಅದಕ್ಕಲ್ಲ. ಅಲ್ಲಿ ಅವರ ವಯಸ್ಸಿನ ಐದಾರು ಜನ ಸೇರುತ್ತಿದ್ದರು. ಅವರಲ್ಲಿ ಹಾಸನದ ಒಬ್ಬ ನಿವೃತ್ತ ಮೇಷ್ಟ್ರು. ವರದಿ ಪೂರ್ತಿ ಓದಿ ಪೆನ್ಸಿಲ್ಲಿನಲ್ಲಿ ಗೀಟು ಹಾಕಿಕೊಂಡು ಬರುತ್ತಿದ್ದರಂತೆ. ಇಬ್ಬರೂ ಪಕ್ಕಪಕ್ಕ ಕೂತು, ಸಭೆಯ ನಂತರ ಕಾಫಿ ಕುಡಿದು, "ಮುಂದಿನ ವರ್ಷ ಸಿಗೋಣ" ಎಂದು ಬೀಳ್ಕೊಡುತ್ತಿದ್ದರು.

2020ರ ಮೇ 5ರಂದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ವಾರ್ಷಿಕ ಸಭೆಗಳನ್ನು ವಿಡಿಯೋದಲ್ಲಿ ನಡೆಸಲು ಅನುಮತಿ ಕೊಟ್ಟಿತು. ಆ ಅನುಮತಿಯನ್ನು ಮತ್ತೆ ಮತ್ತೆ ವಿಸ್ತರಿಸಿದರು. ಅಪ್ಪನ ಕಂಪನಿ ಆಮೇಲೆ ಸಭಾಂಗಣಕ್ಕೆ ಮರಳಿಲ್ಲ. ಅನಿವಾಸಿ ಹೂಡಿಕೆದಾರರಾದ ನಮಗೆ ಇದು ವರವೇ. ಜುಲೈನಲ್ಲಿ ಬೆಂಗಳೂರಿನ ಮಧ್ಯಾಹ್ನ 3 ಗಂಟೆ ಅಂದರೆ ಇಲ್ಲಿ 11.30. ಊಟಕ್ಕೆ ಮುಂಚೆ ಲಾಗಿನ್ ಆಗಿ, ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಮೂಲಕ ಮತವನ್ನೂ ಹಾಕಬಹುದು. ಮಾತಾಡಬೇಕಿದ್ದರೆ ನೋಟಿಸಿನಲ್ಲಿ ಕೊಟ್ಟ ದಿನಾಂಕದೊಳಗೆ ಸ್ಪೀಕರ್ ಎಂದು ಮೇಲ್ ಮಾಡಿ ನೋಂದಾಯಿಸಿಕೊಳ್ಳಬೇಕು. ನಾನು ಅಪ್ಪನನ್ನು ಹಾಗೆ ನೋಂದಾಯಿಸಿದೆ. ಅಷ್ಟು ವರ್ಷ ಸಭೆಗೆ ಹೋಗಿಯೂ ಮೈಕ್ ಹಿಡಿಯದಿದ್ದವರು ಮೊದಲ ಸಲ ಎರಡು ನಿಮಿಷ ಮಾತಾಡಿದರು. ಡಿವಿಡೆಂಡ್ ಕುರಿತ ಪ್ರಶ್ನೆ, ಚೆನ್ನಾಗಿಯೇ ಕೇಳಿದರು. ಉತ್ತರವೂ ಬಂತು. ನಾನು ಸ್ಟಾಕ್‌ಹೋಮ್‌ನಲ್ಲಿ ಕೂತು ಚಪ್ಪಾಳೆ ತಟ್ಟಿದೆ, ಅವರಿಗೆ ಕೇಳಿಸಲಿಲ್ಲ.

ಸಂಜೆ ಫೋನ್ ಮಾಡಿದಾಗ ಖುಷಿಯಾಗಿರುತ್ತಾರೆ ಅಂದುಕೊಂಡಿದ್ದೆ. "ಚೆನ್ನಾಗೇ ಆಯ್ತಪ್ಪ. ಆದ್ರೆ ಮೇಷ್ಟ್ರು ಇದ್ರೋ ಇಲ್ವೋ ಗೊತ್ತಾಗ್ಲಿಲ್ಲ" ಎಂದರು. ಫೋನ್ ನಂಬರ್ ತಗೊಂಡಿರಲಿಲ್ಲವಾ ಎಂದೆ. "ಯಾಕೆ ತಗೋಬೇಕು, ವರ್ಷ ವರ್ಷ ಅಲ್ಲೇ ಸಿಗ್ತಿದ್ರಲ್ಲ." ಹೆಸರಿನ ಮುಂದಿನ ಇನಿಷಿಯಲ್ ಕೂಡ ಸರಿಯಾಗಿ ಗೊತ್ತಿಲ್ಲ. ಮಾರ್ಕ್ ಗ್ರಾನೊವೆಟ್ಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ತೆಳುವಾದ ಪರಿಚಯಗಳ ಬೆಲೆಯ ಬಗ್ಗೆ ಬರೆದ ಲೇಖನ ನಾವೆಲ್ಲ ಎಂಬಿಎಯಲ್ಲಿ ಓದಿದ್ದೇ. ಉದ್ಯೋಗ, ಹೊಸ ಸುದ್ದಿ ಸಿಗುವುದು ಹತ್ತಿರದ ಗೆಳೆಯರಿಗಿಂತ ಹೆಚ್ಚಾಗಿ ಅಪರೂಪಕ್ಕೆ ಸಿಗುವವರಿಂದ ಎಂಬುದು ಅದರ ಸಾರ. ಅಂಥ ಪರಿಚಯ ಒಂದು ಜಾಗವನ್ನೇ ನಂಬಿಕೊಂಡು ಉಳಿದಿರುತ್ತದೆ, ಜಾಗ ಹೋದರೆ ಅದೂ ಹೋಗುತ್ತದೆ ಎಂದು ನನಗೆ ಅರ್ಥವಾದದ್ದು ಅಪ್ಪನ ಫೋನಿನಲ್ಲಿ.

ಹೂಡಿಕೆಯ ಬ್ಲಾಗ್ ಆದ್ದರಿಂದ ಮಾರುಕಟ್ಟೆ ಈ ಪ್ರಶ್ನೆಗೆ ಏನು ಬೆಲೆ ಕಟ್ಟಿತು ಎಂದೂ ನೋಡೋಣ. 2019ರ ಏಪ್ರಿಲ್‌ನಲ್ಲಿ 36 ಡಾಲರಿಗೆ ಐಪಿಒ ಬಂದ ಝೂಮ್ ಷೇರು 2020ರ ಅಕ್ಟೋಬರ್‌ನಲ್ಲಿ 550 ಡಾಲರ್ ದಾಟಿತು. 2022ರ ಕೊನೆಗೆ 70ಕ್ಕಿಂತ ಕೆಳಗೆ. ಇನ್ನೂ ದೊಡ್ಡ ಪಾಠ ಹಾಪಿನ್‌ನದು. 2019ರಲ್ಲಿ ಲಂಡನ್ನಿನಲ್ಲಿ ಶುರುವಾದ, ಆನ್‌ಲೈನ್ ಸಮ್ಮೇಳನ ನಡೆಸುವ ವೇದಿಕೆ. 2021ರ ಆಗಸ್ಟ್‌ನಲ್ಲಿ ಹೂಡಿಕೆದಾರರು ಅದಕ್ಕೆ ಕಟ್ಟಿದ ಬೆಲೆ 775 ಕೋಟಿ ಡಾಲರ್. ಸರಿಯಾಗಿ ಎರಡು ವರ್ಷಕ್ಕೆ, 2023ರ ಆಗಸ್ಟ್‌ನಲ್ಲಿ, ಅದರ ಸಮ್ಮೇಳನ ವ್ಯವಹಾರ ರಿಂಗ್‌ಸೆಂಟ್ರಲ್ ಕಂಪನಿಗೆ ಮಾರಾಟವಾಯಿತು. ಮುಂಗಡ 1.5 ಕೋಟಿ ಡಾಲರ್, ಗುರಿ ಮುಟ್ಟಿದರೆ ಹೆಚ್ಚೆಂದರೆ 5 ಕೋಟಿ. ಅದೇ ಹೊತ್ತಿಗೆ ಸಭಾಂಗಣದ ಮೇಳಗಳನ್ನೇ ನಡೆಸುವ ಬ್ರಿಟನ್ನಿನ ಇನ್‌ಫಾರ್ಮಾ 2023ರಲ್ಲಿ ಟಾರ್ಸಸ್ ಎಂಬ ಮೇಳ ಸಂಸ್ಥೆಯನ್ನೂ, 2024ರಲ್ಲಿ ಅಸೆನ್ಷಿಯಲ್ ಅನ್ನೂ ಕೊಂಡುಕೊಂಡಿತು.

ಜನ ಸಭಾಂಗಣಕ್ಕೆ ಮರಳಿದರು, ಪರದೆ ಸೋತಿತು ಎಂದು ಇದನ್ನು ಓದುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ಪರದೆ ಅಗ್ಗವಾಯಿತು, ಅಷ್ಟೇ. ಯಾರು ಬೇಕಾದರೂ ಒದಗಿಸಬಹುದಾದ ಸೇವೆಗೆ ಲಾಭದ ಅಂಚು ಉಳಿಯುವುದಿಲ್ಲ. ಕೊಳಾಯಿಯಲ್ಲಿ ನೀರು ಬರುತ್ತದೆ ಎಂದು ನೀರಿನ ಕಂಪನಿಗೆ ಅಷ್ಟು ದುಡ್ಡು ಕೊಡುವವರಿಲ್ಲ, ಹಾಗೆಂದು ನೀರು ಬೇಡವೆಂದಲ್ಲ. ಲಕ್ಷ ಜನ ಒಂದೇ ಊರಿಗೆ ಬರುವಂತೆ ಮಾಡುವುದು ಮಾತ್ರ ಈಗಲೂ ಕಷ್ಟದ ಕೆಲಸ. ಕಷ್ಟವಾದದ್ದಕ್ಕೇ ಬೆಲೆ.

ಹಾಗಾದರೆ ಮ್ಯಾನೇಜರ್‌ಗೆ ಏನು ಬರೆದೆ? ಲಂಡನ್ನಿನ ಎರಡು ದಿನದ ಸಮ್ಮೇಳನಕ್ಕೆ ಟಿಕೆಟ್, ಹೋಟೆಲು, ಪ್ರವೇಶ ಶುಲ್ಕ ಸೇರಿ ನನ್ನ ಲೆಕ್ಕದಲ್ಲಿ 25 ಸಾವಿರ ಕ್ರೋನರ್ ಆಸುಪಾಸು. ವಿಮಾನದ ಬಗ್ಗೆ ಇಲ್ಲಿ ಫ್ಲೀಗ್‌ಸ್ಕಾಮ್ ಎಂಬ ಪದವೇ ಇದೆ, ವಿಮಾನ ಹತ್ತುವುದಕ್ಕೆ ನಾಚಿಕೆ ಅಂತ. ಆಫೀಸಿನ ಕಿರಿಯರು ಕೋಪನ್‌ಹೇಗನ್ನಿಗೆ ರೈಲಿನಲ್ಲೇ ಹೋಗುತ್ತಾರೆ. ನಾನು ಪಟ್ಟಿಯಲ್ಲಿ ಒಂದೊಂದರ ಮುಂದೆಯೂ ಒಂದೇ ಪ್ರಶ್ನೆ ಬರೆದೆ: ಇಲ್ಲಿ ನಾನು ಕೇಳಲು ಹೋಗುತ್ತೇನೋ, ಕೇಳಿಸಿಕೊಳ್ಳಲು ಹೋಗುತ್ತೇನೋ? ಹನ್ನೊಂದರಲ್ಲಿ ಎಂಟು ಕೇಳಿಸಿಕೊಳ್ಳುವಂಥವು. ಬಡ್ಡಿದರದ ಮುನ್ನೋಟ, ಹೊಸ ನಿಯಮಗಳ ವಿವರಣೆ, ದೊಡ್ಡವರ ಭಾಷಣ. ಅವೆಲ್ಲ ಲಿಂಕ್, ಅದೂ ರೆಕಾರ್ಡಿಂಗ್, ಒಂದೂವರೆ ಪಟ್ಟು ವೇಗದಲ್ಲಿ. ಒಂದು ಸ್ಟಾಕ್‌ಹೋಮ್‌ನಲ್ಲೇ ಇದೆ, ಲೋಕಲ್ ರೈಲಿನ ಟಿಕೆಟ್ಟಿಗೆ ಬಜೆಟ್ ಬೇಕಿಲ್ಲ. ಉಳಿದದ್ದು ಎರಡು. ಎರಡೂ ಸಣ್ಣವು, ನೂರೈವತ್ತು ಜನರೊಳಗಿನವು, ನಾನು ವಿಶ್ಲೇಷಿಸುವ ಕಂಪನಿಗಳವರು ವೇದಿಕೆ ಇಳಿದು ಊಟದ ಸಾಲಿನಲ್ಲಿ ನಿಲ್ಲುವಂಥವು.

ಮೇಲ್‌ನ ಕೊನೆಗೆ ಎರಡು ಸಾಲು ಸೇರಿಸಿದೆ. ಒಂದು, ನಾವೇ ನಡೆಸುವ ಆನ್‌ಲೈನ್ ಕಾರ್ಯಕ್ರಮಗಳಲ್ಲಿ ಪ್ರಶ್ನೆಗಳ ಪಟ್ಟಿ ಎಲ್ಲರಿಗೂ ಕಾಣುವಂತಿರಲಿ, ಓದದೆ ಉಳಿದವೂ ಕಾಣಲಿ. ಇನ್ನೊಂದು, ನನ್ನ ಎರಡರಲ್ಲಿ ಒಂದು ಸೀಟನ್ನು ಹುಬ್ಬಳ್ಳಿಯ ಹುಡುಗಿಗೆ ಕೊಡಬಹುದು, ಅವಳಿಗೆ ಒಪ್ಪಿಗೆ ಇದ್ದರೆ. ಮ್ಯಾನೇಜರ್ ಒಂದೇ ಪದದ ಉತ್ತರ ಕಳಿಸಿದರು, "ಬ್ರಾ". ಸ್ವೀಡಿಷ್‌ನಲ್ಲಿ ಚೆನ್ನಾಗಿದೆ ಎಂದರ್ಥ. ಯಾವುದಕ್ಕೆ ಹೇಳಿದರೋ ಗೊತ್ತಿಲ್ಲ.

ಈ ವರ್ಷವೂ ಅಪ್ಪನ ಹೆಸರನ್ನು ಸ್ಪೀಕರ್ ಪಟ್ಟಿಗೆ ಸೇರಿಸಿದ್ದೇನೆ. ನಿನ್ನೆ ಫೋನಿನಲ್ಲಿ ಈ ಸಲ ಏನು ಕೇಳುತ್ತೀರಿ ಎಂದೆ. "ಕೇಳೋದು ಆಮೇಲೆ. ಮೊದಲು, ಹಾಸನದ ಮೇಷ್ಟ್ರು ಇದನ್ನ ನೋಡ್ತಾ ಇದ್ರೆ ನನಗೊಂದು ಫೋನ್ ಮಾಡಿ ಅಂತ ಹೇಳ್ತೀನಿ" ಎಂದರು. ನಂಬರ್ ಮಾತ್ರ ಹೇಳಬೇಡಿ ಅಪ್ಪಾ, ಎಲ್ಲ ರೆಕಾರ್ಡ್ ಆಗುತ್ತೆ ಎಂದೆ. "ನಂಬರ್ ಹೇಳದೆ ಹೇಗೋ ಮಾಡ್ತಾರೆ ಅವರು?" ಎಂದರು. ಇನ್ನೂ ಎರಡು ವಾರ ಇದೆ, ಏನಾದರೂ ದಾರಿ ಯೋಚಿಸಬೇಕು.